ಕೂರಬಾರದ ವರಾಂಡ

ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆ ಮುಂದಿನ ಕಟ್ಟೆ ಒಡೆಸಿ ವರಾಂಡ ಮಾಡಿಸಿದವರಲ್ಲಿ ಎದುರುಮನೆಯ ಸಾಹುಕಾರರೇ ಮೊದಲಿಗರು. ಯಾವುದೋ ಪತ್ರಿಕೆಯ ಚಿತ್ರ ನೋಡಿ ಬೆತ್ತದ ಕುರ್ಚಿ, ಗಾಜಿನ ಟೀಪಾಯಿ, ತೂಗುವ ಕುಂಡ, ಮೆಟ್ಟಿಲ ಮುಂದೆ ಅಂಗೈಯಗಲ ಹುಲ್ಲು ಎಲ್ಲ ಮಾಡಿಸಿದ್ದರು. ದಿನವೂ ಧೋತರದ ಚುಂಗಿನಿಂದ ಕುರ್ಚಿ ಒರೆಸುತ್ತ, "ಮಂದಿ ಬಂದು ಕುಂದರಬೇಕ್ರಿ, ಅದಕ್ಕಂತನ ಮಾಡಿಸೇನಿ" ಎನ್ನುತ್ತಿದ್ದರು. ಯಾರಾದರೂ ಕುಳಿತರೆ ಮಾತ್ರ ಅವರ ಕಣ್ಣು ಕುರ್ಚಿಯ ಕಾಲಿನ ಮೇಲೇ ಇರುತ್ತಿತ್ತು.

ಶ್ರಾವಣದಲ್ಲಿ ಭಜನೆ ಪಾಳಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ. ತಮ್ಮ ಪಾಳಿಯ ಸೋಮವಾರ ಸಾಹುಕಾರರು ವರಾಂಡಕ್ಕೆ ದೀಪದ ಸರ ಹಾಕಿ ಕಾದರು. ಭಜನೆಯವರು ತಾಳ, ದಮ್ಮಡಿ, ಹಾರ್ಮೋನಿಯಂ ಪೇಟಿ ಹಿಡಿದು ಬಂದರು. ಸಾಹುಕಾರರು ಮೆಟ್ಟಿಲಲ್ಲೇ ತಡೆದರು:

"ಹುಲ್ಲು ತುಳೀಬ್ಯಾಡ್ರೆಪಾ. ಪೇಟಿ ಗಾಜಿನ ಮ್ಯಾಲೆ ಇಡಬ್ಯಾಡ್ರಿ. ಕುರ್ಚಿಗೆ ಒರಗಬ್ಯಾಡ್ರಿ, ಬೆತ್ತ ಸಡಲತೈತಿ."

ದಮ್ಮಡಿ ಬಾರಿಸುವ ಅಜ್ಜ ನಿಂತಲ್ಲೇ ಕೇಳಿದ: "ಸಾಹುಕಾರ್ರ, ಉಸರು ಬಿಡಬಹುದೇನ್ರಿ?"

ಎಲ್ಲರೂ ನಕ್ಕು ನಮ್ಮ ಕಲ್ಲಿನ ಕಟ್ಟೆಗೆ ಬಂದು ಕುಳಿತರು. ನಮ್ಮ ಪಾಳಿ ಹಿಂದಿನ ವಾರವೇ ಮುಗಿದಿತ್ತು. ಒಂದೇ ಶ್ರಾವಣದಲ್ಲಿ ದೇವರು ಎರಡು ಸಲ ಬಂದನಲ್ಲ ಎಂದು ಕೈಮುಗಿದು ಕಂಬಳಿ ಹಾಸಿದೆ.

ಸ್ವಲ್ಪ ಹೊತ್ತಿಗೆ ಸಾಹುಕಾರರೂ ಚುರಮುರಿ ಬುಟ್ಟಿ ಹಿಡಿದು ರಸ್ತೆ ದಾಟಿ ಬಂದರು. ಅಜ್ಜನ ಪಕ್ಕ ಜಾಗ ಮಾಡಿಕೊಂಡು, ತಾಳ ಹಾಕುತ್ತ, ದೀಪ ಹತ್ತಿದ ತಮ್ಮ ವರಾಂಡವನ್ನೇ ನೋಡಿದರು.

"ಅಕ್ಕಾರ, ನಿಮ್ಮ ಕಟ್ಟಿಮ್ಯಾಲಿಂದ ಭಾಳ ಛಂದ ಕಾಣತೈತ್ರಿ."

"ಶಿವನ ದಯಾ ಅಣ್ಣಾರ," ಎಂದೆ. "ಕುರ್ಚಿ ಒರೆಸೂ ಪಾಳಿನೂ ನಮಗಿಲ್ಲ."