ಒದ್ದೆಯಾಗದ ಬಟ್ಟೆ

ಬಾಣಂತಿಗೆ ನೀರು ಕೊಡಬಾರದೆಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಅವರು ಎಂದೂ ಹೆತ್ತವರಲ್ಲ ಎಂದು ಮಾತ್ರ ಆಣೆಯಿಟ್ಟು ಹೇಳಬಲ್ಲೆ. ಶಿವನಿ ಊರಿನ ನನ್ನ ತವರಿನಲ್ಲಿ ಹೆರಿಗೆಯಾದ ಮೇಲಿನ ಆ ಮೊದಲ ವಾರ ನಾನು ನೀರಿನ ಚೊಂಬನ್ನು ಕನಸಿನಲ್ಲೂ ಕಾಣುತ್ತಿದ್ದೆ. ಬಿಸಿ ಅನ್ನ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ಕೊನೆಗೆ ಅರ್ಧ ಲೋಟ ಕಾಯಿಸಿ ಆರಿಸಿದ ನೀರು. ಇನ್ನೊಂಚೂರು ಕೇಳಿದರೆ ಅಮ್ಮ ಕಣ್ಣು ಬಿಡುತ್ತಿದ್ದಳು.

"ನೀರು ಕುಡಿದ್ರೆ ಹೊಟ್ಟೆ ಮುಂದೆ ಬತ್ತದೆ ಕಣೇ. ಕೂಸಿಗೆ ಶೀತ ಆಯ್ತದೆ. ಸ್ವಲ್ಪ ದಿನ ಬಾಯಿ ಕಟ್ಟಿ ಇರು."

ನನ್ನ ಗಂಡನಿಗೆ ಕಡೂರಿನಲ್ಲಿ ಕೆಲಸ. ಮಗು ನೋಡಲು ಬಂದಾಗ ಡೈಪರಿನ ದೊಡ್ಡ ಪ್ಯಾಕೆಟ್ ತಂದಿದ್ದರು. "ಈ ಪ್ಲಾಸ್ಟಿಕ್ ಚಡ್ಡಿ ನಮ್ ಕೂಸಿಗ್ಯಾಕೆ?" ಎಂದು ಅಮ್ಮ ಅದನ್ನು ಅಟ್ಟಕ್ಕೆ ಸೇರಿಸಿದಳು. ತನ್ನ ಹಳೇ ಸೀರೆಗಳನ್ನು ಹರಿದು, ಒಗೆದು, ಬಿಸಿಲಿಗೆ ಒಣಗಿಸಿ ಮಡಿಸಿಟ್ಟಿದ್ದಳು. ಆ ಬಟ್ಟೆಗಳ ರಾಶಿ ಮಾತ್ರ ಇಳಿಯುತ್ತಲೇ ಇರಲಿಲ್ಲ.

ಅಮ್ಮನಿಗೆ ಅದೇ ಹೆಮ್ಮೆ. ಬಂದವರಿಗೆಲ್ಲ ಹೇಳುತ್ತಿದ್ದಳು: "ಎಂಥಾ ಒಳ್ಳೆ ಕೂಸು ನೋಡ್ರೀ. ಅಳಲ್ಲ, ಬಟ್ಟೆ ನೆನೆಸಲ್ಲ. ನನ್ ಮೊದಲನೇದೂ ಹಿಂಗೇ ಇತ್ತು."

ಮೊದಲನೆಯದು ಎಂದರೆ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ, ಇದೇ ಕೋಣೆಯಲ್ಲಿ, ಹೆಸರಿಡುವ ಮುಂಚೆಯೇ ಹೋದವಳು. ಹೇಗೆ ಹೋದಳೆಂದು ಅಮ್ಮ ಎಂದೂ ಹೇಳಿದವಳಲ್ಲ. ಎಷ್ಟು ಒಳ್ಳೆಯ ಕೂಸಾಗಿತ್ತು ಎಂಬುದನ್ನು ಮಾತ್ರ ಹೇಳುತ್ತಿದ್ದಳು. ನಾನು ಗಲಾಟೆ ಮಾಡಿ ಬೈಸಿಕೊಂಡಾಗಲೆಲ್ಲ ಆ ಒಳ್ಳೆಯ ಅಕ್ಕನನ್ನು ನೆನೆದು ಹೊಟ್ಟೆ ಉರಿದುಕೊಂಡದ್ದೂ ಉಂಟು.

ನನ್ನ ಮಗು ನಿಜಕ್ಕೂ ಸುಮ್ಮನಿರುತ್ತಿತ್ತು. ಎದೆಗೆ ಹಿಡಿದರೆ ನಾಲ್ಕು ಗುಟುಕು ಎಳೆದು ನಿದ್ದೆ ಹೋಗುತ್ತಿತ್ತು. ಅದೃಷ್ಟವಂತೆ ಎಂದು ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮಾತ್ರ ಒಳಗೊಳಗೇ ಅಳುಕು. ಹೆಮ್ಮೆಪಡಬೇಕೋ ಹೆದರಬೇಕೋ ತಿಳಿಯುತ್ತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದಳು. ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರನ್ನು ತಟ್ಟೆಯಲ್ಲಿ ನಿವಾಳಿಸಿ ಬೀದಿಗೆ ಚೆಲ್ಲಿ ಬರುತ್ತಿದ್ದಳು. ಹಾಗಾಗಿ ಮಗುವಿನ ಬಟ್ಟೆಯಲ್ಲಿ ಇಟ್ಟಿಗೆ ಪುಡಿಯ ಬಣ್ಣದ ಕಲೆ ಕಂಡಾಗ ನಮ್ಮಿಬ್ಬರಿಗೂ ಏನೂ ಅನ್ನಿಸಲಿಲ್ಲ. "ದೃಷ್ಟಿ ನೀರು ತುಳುಕೈತೆ" ಎಂದು ಅಮ್ಮ ಸೋಪು ಹಚ್ಚಿದಳು. ಮಾರನೆಯ ದಿನವೂ ಕಲೆಯಿತ್ತು. ಕೈ ನಡುಗುತ್ತದೆ, ವಯಸ್ಸಾಯಿತು ಎಂದು ತನ್ನನ್ನೇ ಬೈದುಕೊಂಡಳು.

ಆಮೇಲೊಂದು ಸಂಜೆ ಮನೆಯಲ್ಲಿ ಸುಣ್ಣ ಮುಗಿದಿತ್ತು. ದೃಷ್ಟಿ ತೆಗೆಯಲಿಲ್ಲ. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಅದೇ ಕೆಂಪು.

"ಅಮ್ಮಾ, ನಿನ್ನೆ ನೀನು ದೃಷ್ಟಿ ತೆಗೀಲೇ ಇಲ್ಲ ಅಲ್ವಾ?"

ಅಮ್ಮ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಬೆರಳಲ್ಲಿ ಉಜ್ಜಿದಳು. ನಾನು ಮಗುವಿನ ಬಾಯಿಗೆ ಬೆರಳಿಟ್ಟೆ. ಒಳಗೆ ಅಂಟಂಟಾಗಿತ್ತು, ಜೊಲ್ಲೇ ಇರಲಿಲ್ಲ. ಕಿರುಚಿಬಿಟ್ಟೆ. ಬಾಣಂತಿ ಹೊಸ್ತಿಲು ದಾಟಬಾರದು ಎನ್ನುತ್ತಿದ್ದ ಅಮ್ಮನೇ ಓಡಿಹೋಗಿ ಪಕ್ಕದ ಮನೆಯವರ ಕಾರು ತರಿಸಿದಳು. ದಾರಿಗೆ ಬೇಕಾಗಬಹುದೆಂದು ಅಟ್ಟದಿಂದ ಡೈಪರ್ ಪ್ಯಾಕೆಟ್ಟನ್ನೂ ಎಳೆದುಕೊಂಡಳು. ನನ್ನ ಗಂಡ ಕಡೂರಿನಿಂದ ನೇರ ತರೀಕೆರೆಯ ಆಸ್ಪತ್ರೆಗೆ ಬಂದರು.

ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, "ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ?"

ನಾನು ಅಮ್ಮನ ಮುಖ ನೋಡಿದೆ, ಅಮ್ಮ ನೆಲ ನೋಡಿದಳು. ನಾನೇ ಹೇಳಿದೆ: "ಒಂದ್ಸಲ. ಎಲ್ಲೋ ಎರಡ್ಸಲ."

"ಈಗ ಆರು ಸಲವಾದ್ರೂ ಆಗ್ಬೇಕು. ಕಕ್ಕ ಇನ್ನೂ ಕಪ್ಪಗೇ ಇದೆಯಾ? ಇಷ್ಟೊತ್ತಿಗೆ ಹಳದಿಗೆ ತಿರುಗಬೇಕಿತ್ತು. ಬಟ್ಟೇಲಿರೋ ಈ ಕೆಂಪು ಉಚ್ಚೇದು; ಹುಟ್ಟಿದ ಒಂದೆರಡು ದಿನ ಕಂಡ್ರೆ ಚಿಂತೆಯಿಲ್ಲ. ಇನ್ನೂ ಬರ್ತಿದೆ ಅಂದ್ರೆ ಹಾಲು ಸಾಲ್ತಿಲ್ಲ, ಮಗು ಮೈಯಲ್ಲಿ ನೀರಿಲ್ಲ." ಆಮೇಲೆ ನನ್ನ ಒಣಗಿದ ತುಟಿ ನೋಡಿ, "ನಿಮಗೆ ನೀರು ಕೊಡ್ತಿದ್ದಾರಾ?" ಎಂದರು. ಬಾಯಿ ತೆರೆದಿದ್ದರೆ ಅಮ್ಮನನ್ನು ಅಲ್ಲೇ ಹರಿದು ಹಾಕುತ್ತಿದ್ದೆ.

ಮಗುವಿನ ಪುಟ್ಟ ಕೈಗೆ ಡ್ರಿಪ್ ಚುಚ್ಚಿದರು. ನನ್ನ ಹಾಲು ಹಿಂಡಿ ಚಮಚದಲ್ಲಿ ಕುಡಿಸಿದರು. ನರ್ಸ್ ನಮ್ಮ ಪ್ಯಾಕೆಟ್ಟಿನದೇ ಒಂದು ಡೈಪರ್ ತೊಡಿಸಿ, ಅದರ ಮುಂದಿನ ಹಳದಿ ಗೆರೆ ತೋರಿಸಿದಳು. ಒದ್ದೆಯಾದರೆ ಅದು ನೀಲಿಯಾಗುತ್ತದಂತೆ. ನಾವು ಮೂವರೂ ಆ ಗೆರೆಯನ್ನೇ ನೋಡುತ್ತ ಕೂತೆವು. ನಡುವೆ ಅಮ್ಮ ಎದ್ದುಹೋಗಿ ನೀರಿನ ಬಾಟಲಿ ತಂದು, ನನ್ನ ಮುಖ ನೋಡದೆ ಕೈಗೆ ಕೊಟ್ಟಳು. ಪೂರ್ತಿ ಕುಡಿದೆ. ಸಿಟ್ಟು ಇಳಿಯಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಗೆರೆಯ ಕೆಳತುದಿ ನೀಲಿಯಾಯಿತು. ನನ್ನ ಗಂಡ ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ನಾನು ಅತ್ತುಬಿಟ್ಟೆ.

ಅಮ್ಮ ಡೈಪರ್ ಬಿಡಿಸಿ ಒದ್ದೆಯ ಮೇಲೆ ಅಂಗೈ ಇಟ್ಟಳು. ಡಾಕ್ಟರಮ್ಮ ಬರುವವರೆಗೂ ತೆಗೆಯಲಿಲ್ಲ.

"ಮೇಡಂ, ಅಳೋದೂ ಇಲ್ಲ, ಬಟ್ಟೆ ನೆನೆಸೋದೂ ಇಲ್ಲ ಅಂದ್ರೆ, ಅದು ಒಳ್ಳೆ ಕೂಸಲ್ವಾ?"

ಅವರು ಮಗುವಿನ ನೆತ್ತಿ ಮುಟ್ಟಿ ನೋಡುತ್ತಲೇ ಹೇಳಿದರು: "ಅಲ್ಲ ಅಜ್ಜಿ. ಅದು ಹಸಿದ ಕೂಸು. ಅಳೋಕೂ ತ್ರಾಣ ಇರಲ್ಲ ಅದಕ್ಕೆ."

ಅಮ್ಮ ಗೋಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಅವಳ ಮೇಲೆ ಕಾರಲೆಂದು ಮಾತು ಕೂಡಿಟ್ಟಿದ್ದ ನಾನು ಎದ್ದು ಅವಳ ಭುಜ ಹಿಡಿದೆ. ಅವಳ ಕಣ್ಣು ನನ್ನ ಮಗುವಿನ ಮೇಲಿರಲಿಲ್ಲ.

ಈಗ ನನ್ನ ಮಗಳು ಮನೆಯೆಲ್ಲ ಓಡಾಡಿ ರಂಪ ಮಾಡುತ್ತಾಳೆ. ಅಮ್ಮ ಅವಳನ್ನು ಬೈಯುವುದಿಲ್ಲ. ಅಕ್ಕನನ್ನು ಒಳ್ಳೆಯ ಕೂಸು ಎಂದು ಆ ದಿನದಿಂದ ಒಮ್ಮೆಯೂ ಹೇಳಿಲ್ಲ.