ಚೀಟಿ ನೋಡಿ ಒಣಗಿಸುವ ಅಕ್ಕುತಾಯಿ

ನಿಪ್ಪಾಣಿ, ೧೯೯೬ರ ಸೆಪ್ಟೆಂಬರ್. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಹೊರಗೆ ಜಿಟಿಜಿಟಿ ಮಳೆ. ಬಾಳಾಸಾಬರ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಕ್ಕುತಾಯಿ ಪರೀಟ ಒದ್ದೆ ಅಂಗಿಯ ಕಾಲರ್ ತಿರುವಿ, ಒಳಗೆ ಹೊಲಿದ ಪುಟ್ಟ ಚೀಟಿಯನ್ನು ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಚೌಕದೊಳಗೆ ದುಂಡು ಇದ್ದರೆ ಬಟ್ಟೆ ಒಣಗಿಸುವ ಯಂತ್ರಕ್ಕೆ. ಅದರ ಮೇಲೆ ಕಾಟು ಹೊಡೆದಿದ್ದರೆ ಹಗ್ಗಕ್ಕೆ. ಕುತ್ತಿಗೆಗೆ ಚುಚ್ಚುತ್ತದೆಂದು ನಾವು ನೀವು ಕತ್ತರಿಸಿ ಬಿಸಾಡುತ್ತೇವಲ್ಲ, ಅದೇ ಚೀಟಿ!

"ಚೀಟಿ ಕಿತ್ತ ಅರಿವಿ ಬಂದ್ರ ಹಗ್ಗಕ್ಕ ಹಾಕ್ತೀನ್ರಿ," ಎನ್ನುತ್ತಾರೆ. "ತಡಾ ಆತಂತ ಮಂದಿ ಬೈತಾರ. ಬೈಲಿ ಬಿಡ್ರಿ."

ಎಲ್ಲರ ಬಾಯಲ್ಲಿ 'ಡ್ರಮ್ಮು' ಆಗಿರುವ ಈ ಯಂತ್ರವನ್ನು ಬಾಳಾಸಾಬರು ಕೊಲ್ಹಾಪುರದಿಂದ ಹಳೆಯದೇ ಕೊಂಡು ತಂದದ್ದು ಹೋದ ವರ್ಷ. ಅದಕ್ಕೂ ಮುಂಚೆ ಮಳೆಗಾಲದ ಬಟ್ಟೆಯೆಲ್ಲ ಸಿಗಡಿ ಎಂಬ ಇದ್ದಿಲ ಒಲೆಯ ಮೇಲೆ ಒಣಗಬೇಕಿತ್ತು. ಹೊಗೆ ಕುಡಿದು ಅಕ್ಕುತಾಯಿಗೆ ಕೆಮ್ಮು ಹತ್ತಿತ್ತು. ಡ್ರಮ್ಮು ಬಂತು, ಉಸಿರು ಬಂತು.

ಆದರೆ ಆ ಮೊದಲ ಮಳೆಗಾಲದಲ್ಲೇ ಎಡವಟ್ಟಾಯಿತು. ಯಾರ ಬಟ್ಟೆ ಎಂದು ತಿಳಿಯಲು ಬಟ್ಟೆ ಒಗೆಯುವ ಪರೀಟರು ಬಿಬ್ಬೆಕಾಯಿಯ ರಸದಿಂದ ಗುರುತು ಹಾಕುತ್ತಾರೆ. ಎಷ್ಟು ಒಗೆದರೂ ಹೋಗದ ಕಪ್ಪು. ರೆಡಿಮೇಡ್ ಬಟ್ಟೆಯ ಬಿಳಿ ಚೀಟಿ ಗುರುತಿಗೆಂದೇ ಹೊಲಿದಂತಿತ್ತು. ಅಕ್ಕುತಾಯಿ ಅಲ್ಲೇ ಗುರುತು ಹಾಕುತ್ತಿದ್ದರು. ತಂಬಾಕು ವ್ಯಾಪಾರಿ ಧನಪಾಲರು ಜೈನರ ಶಿಖರ್ಜಿ ಯಾತ್ರೆಗೆಂದು ಕೊಂಡ ಉಣ್ಣೆ ಸ್ವೆಟರಿಗೂ ಹಾಗೇ ಮಾಡಿದರು. ಚೀಟಿಯ ಮೇಲಿನ ಕಾಟು ಗುರುತಿನ ಕಪ್ಪಿನಡಿ ಮುಚ್ಚಿಹೋಯಿತು. ಡ್ರಮ್ಮಿನಿಂದ ಹೊರಬಂದ ಸ್ವೆಟರು, ಅಯ್ಯೋ ದೇವರೇ, ಕೂಸಿಗೂ ಆಗುವಂತಿರಲಿಲ್ಲ!

"ಧನಪಾಲ ಅಣ್ಣಾರು ಎತ್ತಿ ನೋಡಿದ್ರು, ಸುಮ್ಮನ ಹ್ವಾದ್ರು. ಎರಡು ಮಾತು ಬೈದಿದ್ರರ ಚೊಲೋ ಇತ್ರಿ."

ಧನಪಾಲರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಡ್ರಮ್ಮು ಮಾರಿಯೇ ಬಿಡುತ್ತೇನೆಂದು ಬಾಳಾಸಾಬರು ಹಾರಾಡಿದರು. ಇನ್ನೊಂದು ಮಳೆಗಾಲ ನೋಡ್ರಿ ಎಂದು ಅಕ್ಕುತಾಯಿ ಅಂಗಲಾಚಿದರು. ಒಂದು ಬಟ್ಟೆ ಕೆಟ್ಟರೂ ಮತ್ತೆ ಸಿಗಡಿಯೇ ಗತಿ ಎಂಬ ಷರತ್ತಿನ ಮೇಲೆ ಯಂತ್ರ ಉಳಿಯಿತು. ಅಂದಿನಿಂದ ಗುರುತು ಬೀಳುವುದು ಚೀಟಿಗಲ್ಲ, ಬಟ್ಟೆಯ ಅಂಚಿನ ಒಳಮಗ್ಗುಲಿಗೆ.

ಚೀಟಿ ಹೇಳಿದ್ದೆಲ್ಲ ಖರೆಯೇ ಎಂದು, ಬರೆದುಕೊಳ್ಳುತ್ತಲೇ ಕೆಣಕುತ್ತೇನೆ. ಅವರಿಗೆ ನಗು.

"ಒಮ್ಮೊಮ್ಮೆ ಸುಳ್ಳ ಅಂಜಸ್ತೈತ್ರಿ. ನಮ್ಮ ಮನಿಯವರ ಪ್ಯಾಂಟಿನ ಚೀಟಿ ಬ್ಯಾಡ ಅಂದ್ರೂ ಡ್ರಮ್ಮಿಗೆ ಹಾಕೇನಿ, ಏನೂ ಆಗಿಲ್ಲ. ಆದ್ರ ಅದು ನಮ್ಮ ಪ್ಯಾಂಟು. ಮಂದಿ ಅರಿವಿ ಮ್ಯಾಲ ಪರೀಕ್ಷಾ ಮಾಡಬಾರ್ದು."

ಅಷ್ಟರಲ್ಲಿ ಬೆಳಕಾಗಿ ಅಂಗಡಿ ತೆರೆದಿದೆ. ಮುಂದಿನ ಕಟ್ಟೆಯ ಬಳಿ ಮಾತು ಕೇಳಿಸುತ್ತದೆ. ಸಾಕ್ಷಾತ್ ಧನಪಾಲರು! ಕೈಯಲ್ಲಿ ಹೊಸದೊಂದು ಸ್ವೆಟರು. ಬಾಳಾಸಾಬರು ಕೈ ಚಾಚಿದರೆ ಅವರು ಕೊಡುವುದಿಲ್ಲ.

"ನಿಮಗಲ್ರಿ. ಅಕ್ಕುತಾಯಿನ ಕರೀರಿ."

ಸೆರಗಿಗೆ ಕೈ ಒರೆಸುತ್ತ ಬಂದ ಅಕ್ಕುತಾಯಿ ಮೊದಲು ಕಾಲರ್ ತಿರುವುತ್ತಾರೆ. "ಅಣ್ಣಾರ, ಇದು ಡ್ರಮ್ಮಿಗೆ ನಡಿಯಂಗಿಲ್ರಿ. ಹಾಸಿ ಒಣಗಸ್ತೀನಿ. ಈ ಮಳ್ಯಾಗ ಯಾವಾಗ ಒಣಗತೈತೋ ಹೇಳಾಕ ಬರೂದಿಲ್ಲ."

"ಒಣಗಿದಾಗ ಕೊಡವಾ ತಂಗಿ."

ಧನಪಾಲರು ಛತ್ರಿ ಬಿಚ್ಚಿ ಹೊರಡುತ್ತಾರೆ. ಬಾಳಾಸಾಬರು ಗಂಟಲು ಸರಿಪಡಿಸಿಕೊಂಡು, "ಡ್ರಮ್ಮು ಮಾರೂದಿಲ್ಲ, ಹಂಗ ಬರಕೋರಿ," ಎಂದು ನನಗೆ ಹೇಳುತ್ತಾರೆ. ಅಕ್ಕುತಾಯಿಗೆ ಅದು ಕೇಳಿಸಿತೋ ಇಲ್ಲವೋ. ಸ್ವೆಟರನ್ನು ಎದೆಗವಚಿಕೊಂಡೇ ನನ್ನತ್ತ ತಿರುಗುತ್ತಾರೆ.

"ಕೇಳಿದ್ರಿಲ್ಲೋ? ಮಾಲಕರನ್ನಲ್ಲ, ನನ್ನ ಹೆಸರು ಹಿಡಿದು ಕರದ್ರು."