ಹತ್ತಿಯಲ್ಲಿ ಸುತ್ತಿಟ್ಟ ಬಾಲಯೇಸು

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲ ಬಂತೆಂದರೆ ನಮ್ಮಮ್ಮನ ಕಾಯಿದೆಗಳು ಒಂದೆರಡಲ್ಲ. ಕಾಕ್ಸ್‌ಟೌನಿನ ಅಕ್ಕಪಕ್ಕದ ಮನೆಗಳಲ್ಲಿ ಡಿಸೆಂಬರಿಗೆ ಮುಂಚೆಯೇ ನಕ್ಷತ್ರ ತೂಗಿದರೂ ನಾವು ಕಾಯಬೇಕು. ಕೇಕು ಮುಟ್ಟುವಂತಿಲ್ಲ. ಯೇಸು ಹುಟ್ಟಿದ ಕೊಟ್ಟಿಗೆಯಂತೆ ಗೋದಲಿ ಕಟ್ಟಬಹುದು, ಅದರ ಸುತ್ತ ಹಸಿರಿಗೆಂದು ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಬಹುದು, ಕುರಿಗಳನ್ನು ನಿಲ್ಲಿಸಬಹುದು. ಬಾಲಯೇಸುವಿನ ಪುಟ್ಟ ಬೊಂಬೆ ಮಾತ್ರ ಹಬ್ಬದ ಹಿಂದಿನ ರಾತ್ರಿಯವರೆಗೆ ಹತ್ತಿಯಲ್ಲಿ ಸುತ್ತಿ ಬೀರುವಿನೊಳಗೆ. "ಹುಟ್ಟೋಕೆ ಮುಂಚೇನೇ ಇಟ್ಬಿಟ್ರೆ ಕಾಯೋದು ಯಾರಿಗೆ?" ಅನ್ನುತ್ತಿದ್ದಳು. ಕೇಕಿನ ಘಮದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಅಕ್ಕ ಹೆರಿಗೆಗೆಂದು ಮನೆಗೆ ಬಂದಿದ್ದಳು. ಹಿಂದೊಮ್ಮೆ ಬಸಿರು ಕಳೆದುಕೊಂಡವಳು. ಹಬ್ಬದ ಹೊತ್ತಿಗೆ ದಿನ ತುಂಬುತ್ತದೆ, ಮಗು ಆಡುತ್ತಿದೆಯಾ ಗಮನಿಸುತ್ತಿರಿ, ನಿಂತಿತು ಅನಿಸಿದರೆ ಕೂಡಲೇ ಬನ್ನಿ ಎಂದಿದ್ದರು ಡಾಕ್ಟರು. ಅವಳ ಮಂಚ ನಡುಮನೆಯಲ್ಲಿ, ಗೋದಲಿಯ ಎದುರಿಗೇ.

"ಬಾಲಯೇಸುನ ಇಟ್ಬಿಡಮ್ಮ. ತೊಟ್ಲು ಖಾಲಿ ಇರೋದು ನೋಡೋಕಾಗ್ತಿಲ್ಲ" ಅಂದಳು ಅಕ್ಕ.

"ಇನ್ನೇನು ಬಂದೇಬಿಡ್ತು ಕಣೆ. ಕಾಯ್ಬೇಕು."

ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಆದರೆ ಬೀರುವಿನ ಕೀ ಅವಳ ಸೊಂಟದಲ್ಲಿತ್ತು.

ಅಕ್ಕನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುವುದು ನನ್ನ ಕೆಲಸ. ಕಾಲೇಜಿನಲ್ಲಿ ಒಂದು ಪೀರಿಯಡ್ ನೆಟ್ಟಗೆ ಕೂರದವಳು, ಇಲ್ಲಿ ಒಂದು ಒದೆತಕ್ಕಾಗಿ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಒದ್ದರೆ ಇಬ್ಬರೂ ನಗುತ್ತಿದ್ದೆವು.

ಆಗಮನದ ಮೂರನೆಯ ಭಾನುವಾರ, ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುವ ದಿನ, ಮಧ್ಯಾಹ್ನದಿಂದ ಮಗು ಅಲುಗಲಿಲ್ಲ. ಸಕ್ಕರೆ ನೀರು ಕುಡಿಸಿದೆವು. ಇಲ್ಲ. ಅಮ್ಮ ಆಟೊ ತರಲು ಚಪ್ಪಲಿ ಮೆಟ್ಟುವಷ್ಟರಲ್ಲಿ ಚರ್ಚಿನ ಹಾಡಿನ ತಂಡ ಬಾಗಿಲಿಗೆ ಬಂತು. ಗಿಟಾರು, ಡ್ರಮ್ಮು, ಹತ್ತಿಗಡ್ಡದ ಕ್ರಿಸ್ಮಸ್ ತಾತ. ಮನೆಬಾಗಿಲಿಗೆ ಬಂದ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲದ ಜನ ನಾವು. ಅಮ್ಮ ಕೈಮುಗಿದು ನಿಂತುಬಿಟ್ಟಳು.

ಡ್ರಮ್ಮಿಗೆ ಮಂಚ ಅದುರಿತು. ನನ್ನ ಅಂಗೈಯ ಕೆಳಗೆ ಏನೋ ಮಿಡಿದಂತಾಯಿತು.

"ಈಗ ಒದೀತಲ್ವಾ?" ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ಮಗುವೋ ಡ್ರಮ್ಮೋ ನನಗೆ ತಿಳಿಯಲಿಲ್ಲ. ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದೆ. ಅಷ್ಟು ದಿನ ಗಮನವಿಟ್ಟು ಕೂತದ್ದು ಆ ಹೊತ್ತಿಗೆ ಯಾತಕ್ಕೂ ಒದಗಲಿಲ್ಲ.

ಹಾಡು ಮುಗಿದು ವಿಷಯ ತಿಳಿದಾಗ ತಾತನೇ ಗಡ್ಡ ಕಿತ್ತು ಆಟೊಗೆ ಓಡಿದ. ಅಮ್ಮ ಬೀರು ತೆರೆದು, ಬಾಲಯೇಸುವನ್ನು ಹತ್ತಿಯಿಂದ ಬಿಡಿಸಿ ತಂದು ಅಕ್ಕನ ಮುಷ್ಟಿಯೊಳಗೆ ಇಟ್ಟಳು.

ಆಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಕರೆದೊಯ್ದರು. ಅಮ್ಮ, ನಾನು ಹೊರಗೆ ಬೆಂಚಿನ ಮೇಲೆ ಕೂತೆವು. ಬಹಳ ಹೊತ್ತಾದ ಮೇಲೆ ನರ್ಸ್ ಬಂದರು.

"ನಿಮ್ಮ ಮಗಳು ಹುಷಾರಾಗಿದಾರಮ್ಮ. ಇದನ್ನ ಕೈಯಿಂದ ಬಿಡ್ತಾನೇ ಇರ್ಲಿಲ್ಲ, ಇಟ್ಕೊಳ್ಳಿ" ಎಂದು ಬೊಂಬೆಯನ್ನು ಕೊಟ್ಟರು.

ಅಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು. ಆಮೇಲೂ, ಮಗುವನ್ನು ಯಾರಾದರೂ ತರುತ್ತಾರೇನೋ ಎಂಬಂತೆ, ಅವರ ಹಿಂದಿನ ಬಾಗಿಲನ್ನೇ ನೋಡುತ್ತಿದ್ದಳು. ನರ್ಸ್ ತಲೆ ತಗ್ಗಿಸಿದರು.

ಅಮ್ಮ ಬೊಂಬೆಯನ್ನು ಸೆರಗಿನಲ್ಲಿ ಸುತ್ತಿ, ಚಳಿಯಾಗದಂತೆ ಎದೆಗೆ ಒತ್ತಿಕೊಂಡಳು.